ಕ್ಯಾಮೆರಾ ಕಂಪನಿ ಬದಲಿಸುವ ಮುನ್ನ: ವನ್ಯಜೀವಿ ಛಾಯಾಗ್ರಾಹಕರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲದವು. ಕೈಯಲ್ಲಿ ಒಳಗೆ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ, ಕನ್ನಡಿಯಿಲ್ಲದ ಮಿರರ್‌ಲೆಸ್‌ಗೆ ಹೋಗಬೇಕು. ಹೋಗುವುದೇ ಆದರೆ ಅದೇ ಕಂಪನಿಯಲ್ಲಿ ಉಳಿಯಬೇಕೇ, ಬೇರೆಯದಕ್ಕೆ ದಾಟಬೇಕೇ? ಬಾಡಿಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುತ್ತೇವೆ, ಒಳ್ಳೆಯ ಟೆಲಿ ಲೆನ್ಸ್ ಹದಿನೈದು ವರ್ಷ ದುಡಿಯುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಲೆಕ್ಕ ಲೆನ್ಸ್‌ನಿಂದಲೇ ಶುರುವಾಗುತ್ತದೆ.

ಪ್ರಶ್ನೆ: ನನ್ನ ಬಳಿ ನಿಕಾನ್ ಡಿ500 ಮತ್ತು 200-500 ಎಂಎಂ ಎಫ್/5.6 ಲೆನ್ಸ್ ಇದೆ. ರಂಗನತಿಟ್ಟಿನಲ್ಲಿ ಹಾರುವ ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿಯನ್ನು ತೆಗೆದರೂ ಹತ್ತು ಫ್ರೇಮ್‌ಗಳಲ್ಲಿ ಮೂರೋ ನಾಲ್ಕೋ ಮಾತ್ರ ಚೂಪಾಗಿ ಬರುತ್ತವೆ. ಎಲ್ಲವನ್ನೂ ಮಾರಿ ಸೋನಿ ಎ7 ಮಾರ್ಕ್ 4 ಮತ್ತು 200-600 ಕೊಳ್ಳಬೇಕೆಂದಿದ್ದೇನೆ. ಸರಿಯೇ?
— ಓದುಗರು, ಮೈಸೂರು

ಉತ್ತರ: ಮಾರುವ ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ. ಹೆಜ್ಜಾರ್ಲೆ ನಿಧಾನವಾಗಿ ಹಾರುವ ಹಕ್ಕಿ, ಡಿ500ಗೆ ಅದು ಕಷ್ಟವಾಗಬಾರದು.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಮೊದಲನೆಯದು ಕನ್ನಡಿಯ ಕೆಳಗಿರುತ್ತದೆ. ಇವೆರಡರ ನಡುವೆ ಕೂದಲೆಳೆಯ ವ್ಯತ್ಯಾಸ ಬಂದರೂ ಫೋಕಸ್ ಹಕ್ಕಿಯ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಪರೀಕ್ಷಿಸುವುದು ಸುಲಭ. ಕ್ಯಾಮೆರಾವನ್ನು ಟ್ರೈಪಾಡ್‌ಗೆ ಹಾಕಿ, 500 ಎಂಎಂನಲ್ಲಿ, 15ರಿಂದ 20 ಮೀಟರ್ ದೂರದಲ್ಲಿ ದಪ್ಪಕ್ಷರದ ಪತ್ರಿಕೆಯ ಹಾಳೆಯೊಂದನ್ನು ನೆಟ್ಟಗೆ ಅಂಟಿಸಿ. ಬೆಳಗ್ಗೆ ನೆಲ ಕಾಯುವ ಮುಂಚೆ ಮಾಡಬೇಕು, ಇಲ್ಲದಿದ್ದರೆ ಬಿಸಿಗಾಳಿಯ ನಡುಕವೇ ಫಲಿತಾಂಶ ಕೆಡಿಸುತ್ತದೆ. ವಿಆರ್ (ಲೆನ್ಸ್‌ನ ಕೈನಡುಕ ತಡೆ) ಆಫ್ ಮಾಡಿ ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿ ಐದು ಚಿತ್ರ, ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆಯಲ್ಲಿ ನೋಡುತ್ತ, ಐದು ಚಿತ್ರ ತೆಗೆಯಿರಿ. ಪ್ರತಿ ಸಲವೂ ರಿಂಗ್ ತಿರುಗಿಸಿ ಫೋಕಸ್ ಕೆಡಿಸಿ ಹೊಸದಾಗಿ ಫೋಕಸ್ ಮಾಡಬೇಕು. ಲೈವ್ ವ್ಯೂ ಚಿತ್ರಗಳು ಚೂಪಾಗಿದ್ದು ವ್ಯೂಫೈಂಡರ್ ಚಿತ್ರಗಳು ಮಬ್ಬಾಗಿದ್ದರೆ ಲೆನ್ಸ್ ಚೆನ್ನಾಗಿಯೇ ಇದೆ, ಹೊಂದಾಣಿಕೆ ತಪ್ಪಿದೆ ಎಂದರ್ಥ.

ಡಿ500ರಲ್ಲಿ ಇದಕ್ಕೆ ಒಳಗೇ ಮದ್ದಿದೆ. ಲೈವ್ ವ್ಯೂನಲ್ಲಿ ನಡುವಿನ ಬಿಂದುವಿಗೆ ಫೋಕಸ್ ಮಾಡಿ, ಎಎಫ್ ಮೋಡ್ ಬಟನ್ ಮತ್ತು ವಿಡಿಯೊ ರೆಕಾರ್ಡ್ ಬಟನ್ ಎರಡನ್ನೂ ಒಟ್ಟಿಗೆ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಒತ್ತಿ ಹಿಡಿದರೆ ಕ್ಯಾಮೆರಾ ತಾನೇ ಲೆಕ್ಕ ಹಾಕಿ ತಿದ್ದುಪಡಿಯನ್ನು ಉಳಿಸಿಕೊಳ್ಳುತ್ತದೆ. ಬಳಿಕ ಸೆಟಪ್ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ 'ಆನ್' ಇದೆಯೇ ನೋಡಿ. ಇದನ್ನು ಮರೆತು 'ಏನೂ ಆಗಲಿಲ್ಲ' ಎನ್ನುವವರೇ ಹೆಚ್ಚು. ಐದಾರು ಸಲ ಮಾಡಿ ಬಂದ ಅಂಕಿಗಳ ಸರಾಸರಿಯನ್ನು ಇಡುವುದು ಒಳ್ಳೆಯದು.

ಇನ್ನೆರಡು ಕಡೆ ಕಣ್ಣು ಹಾಯಿಸಿ. ಕಸ್ಟಮ್ ಮೆನುವಿನ ಎ1ರಲ್ಲಿ ಎಎಫ್-ಸಿ (ಚಲಿಸುವುದನ್ನು ಹಿಂಬಾಲಿಸುವ ನಿರಂತರ ಫೋಕಸ್) ಆದ್ಯತೆ 'ರಿಲೀಸ್' ಎಂದಿದ್ದರೆ ಫೋಕಸ್ ಸಿಗದಿದ್ದರೂ ಶಟರ್ ಬೀಳುತ್ತದೆ. ಕಂಪನಿಯಿಂದ ಬರುವಾಗ ಇರುವುದೇ ಹಾಗೆ. ಲೆನ್ಸ್‌ನ ವಿಆರ್ ಗುಂಡಿ 'ನಾರ್ಮಲ್'ನಲ್ಲಿದ್ದರೆ ದೋಣಿಯಿಂದ ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ 'ಸ್ಪೋರ್ಟ್'ಗೆ ತಿರುಗಿಸಿ. ಶಟರ್ ವೇಗ 1/2000ಕ್ಕಿಂತ ಕೆಳಗಿಳಿಯದಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಮಿರರ್‌ಲೆಸ್ ಬೇಕೆನಿಸಿದರೆ ಆ ಆಸೆ ತಪ್ಪಲ್ಲ. ಅದರಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ, ಹಾಗಾಗಿ ಮೇಲಿನ ಹೊಂದಾಣಿಕೆಯ ರಗಳೆಯೇ ಇಲ್ಲ. ಹಕ್ಕಿಯ ಕಣ್ಣನ್ನು ಕ್ಯಾಮೆರಾವೇ ಹುಡುಕಿಕೊಳ್ಳುವುದರಿಂದ ನಿಮ್ಮ ಗಮನ ಚೌಕಟ್ಟಿನ ಕಡೆಗೆ ಹೋಗುತ್ತದೆ. ಆದರೆ ನೀವು ಹೇಳಿದ ಜೋಡಿಯಲ್ಲಿ ಒಂದು ಲೆಕ್ಕ ತಪ್ಪುತ್ತಿದೆ.

ಡಿ500ರ ಸೆನ್ಸರ್ 20.9 ಮೆಗಾಪಿಕ್ಸೆಲ್, ಅಳತೆ ಎಪಿಎಸ್-ಸಿ, ಅಂದರೆ ಎ7 ಮಾರ್ಕ್ 4ರ ಫುಲ್ ಫ್ರೇಮ್‌ಗಿಂತ ಚಿಕ್ಕದು. ಫುಲ್ ಫ್ರೇಮ್ ಸೆನ್ಸರನ್ನು ಅದೇ ಅಳತೆಗೆ ಕತ್ತರಿಸಿದಾಗ ಏನುಳಿಯುತ್ತದೆ ಎಂದು ತಿಳಿಯಲು ಅದರ ಮೆಗಾಪಿಕ್ಸೆಲನ್ನು 2.25ರಿಂದ ಭಾಗಿಸಬೇಕು. ಎ7 ಮಾರ್ಕ್ 4ರ 33 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಸುಮಾರು 14. ಅಂದರೆ ಅಷ್ಟೇ ದೂರದ ಹಕ್ಕಿಯ ಮೇಲೆ ಅಷ್ಟೇ ಎಂಎಂನಲ್ಲಿ ಈಗ ಬೀಳುವ ಪಿಕ್ಸೆಲ್‌ಗಳ ಮೂರನೇ ಒಂದು ಭಾಗ ಕಳೆದುಹೋಗುತ್ತದೆ. 500ರ ಬದಲು 600 ಎಂಎಂ ಸಿಗುವುದರಿಂದ ಆ ನಷ್ಟ ಹೆಚ್ಚುಕಡಿಮೆ ತುಂಬಿಬರುತ್ತದೆ, ಲಾಭವೇನೂ ಉಳಿಯುವುದಿಲ್ಲ. ಜೊತೆಗೆ ಆ ಕ್ಯಾಮೆರಾ ಸೆಕೆಂಡಿಗೆ 10 ಫ್ರೇಮ್ ಕೊಡುವುದು ಗುಣಮಟ್ಟ ಕೊಂಚ ಕಡಿಮೆಯಾಗುವ ಕಂಪ್ರೆಸ್ಡ್ ರಾ (ಸಂಸ್ಕರಿಸದ ಮೂಲ ಫೈಲ್) ಇಟ್ಟಾಗ ಮಾತ್ರ. ಗುಣಮಟ್ಟ ಕಳೆಯದ ಲಾಸ್‌ಲೆಸ್‌ಗೆ ಹೋದರೆ ಆರರ ಆಸುಪಾಸಿಗೆ ಇಳಿಯುತ್ತದೆ. ಡಿ500ರ ಹತ್ತು ಫ್ರೇಮ್‌ಗೆ ಒಗ್ಗಿದ ಬೆರಳಿಗೆ ಅದು ಎದ್ದು ಕಾಣುತ್ತದೆ.

ನಿಕಾನ್ ಒಳಗೇ ನೋಡಿದರೆ ಜೆಡ್8ರ 45.7 ಮೆಗಾಪಿಕ್ಸೆಲ್ ಡಿಎಕ್ಸ್ ಕ್ರಾಪ್‌ನಲ್ಲಿ (ಎಪಿಎಸ್-ಸಿ ಅಳತೆಗೆ ಕತ್ತರಿಸಿದಾಗ) 19ಕ್ಕೂ ಹೆಚ್ಚು ಉಳಿಸಿಕೊಡುತ್ತದೆ. ಡಿ500ರಷ್ಟೇ ದೂರ, ಬೇಕಾದಾಗ ಪೂರ್ತಿ ಫ್ರೇಮ್. 2024ರ ಫೆಬ್ರುವರಿಯ 2.00 ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದ ಒಳ ತಂತ್ರಾಂಶದಲ್ಲಿ) ಅದಕ್ಕೆ ಹಕ್ಕಿಗೆಂದೇ ಪ್ರತ್ಯೇಕ ಗುರುತು ಹಿಡಿಯುವ ಆಯ್ಕೆಯೂ ಬಂತು. ಅಷ್ಟು ಹಣ ಹೊಂದುವುದಿಲ್ಲ ಎಂದಾದರೆ ಜೆಡ್50ರ ಎರಡನೇ ಮಾದರಿ ಇದೆ. 20.9 ಮೆಗಾಪಿಕ್ಸೆಲ್, ಹಕ್ಕಿ ಗುರುತಿಸುವ ಫೋಕಸ್; ಆದರೆ ಬಾಡಿಯೊಳಗೆ ಸ್ಥಿರೀಕರಣ ಇಲ್ಲ, ಕಾರ್ಡ್ ಜಾಗ ಒಂದೇ. ಜೆಡ್6 ಮಾರ್ಕ್ 3 ಎಲ್ಲ ರೀತಿಯಲ್ಲೂ ಒಳ್ಳೆಯ ಕ್ಯಾಮೆರಾ, ಆದರೆ 24.5 ಮೆಗಾಪಿಕ್ಸೆಲ್‌ನ ಕ್ರಾಪ್ ಸುಮಾರು 11ಕ್ಕೆ ಇಳಿಯುವುದರಿಂದ ದೂರದ ಸಣ್ಣ ಹಕ್ಕಿಗೆ ಬಡವಾಗುತ್ತದೆ.

ಇವುಗಳಲ್ಲಿ ಯಾವುದನ್ನು ಕೊಂಡರೂ ಡಿಎಸ್‌ಎಲ್‌ಆರ್ ಲೆನ್ಸ್ ಕೂರಿಸುವ ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರ್ ಹಾಕಿ ನಿಮ್ಮ 200-500ನ್ನೇ ಮುಂದುವರಿಸಬಹುದು. ಫೋಕಸ್, ವಿಆರ್, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಎಲ್ಲ ಕೆಲಸ ಮಾಡುತ್ತವೆ. ಆ ಲೆನ್ಸ್‌ನ ಮೋಟಾರ್ ಮೊದಲಿನಷ್ಟೇ ನಿಧಾನ, ಅದು ಬದಲಾಗದು. ಒಂದು ವರ್ಷ ಹಾಗೆ ನಡೆಸಿ, ಆಮೇಲೆ 180-600ಕ್ಕೆ ಹಣ ಹೊಂದಿಸಿಕೊಳ್ಳಿ. ನಮ್ಮ ಅಭಿಪ್ರಾಯದಲ್ಲಿ ನೀವು ಕಂಪನಿ ಬಿಡಬೇಕಾದ ಕಾರಣ ಕಾಣುತ್ತಿಲ್ಲ.

ಪ್ರಶ್ನೆ: ಕ್ಯಾನನ್ 7ಡಿ ಮಾರ್ಕ್ 2 ಮತ್ತು ಇಎಫ್ 400 ಎಂಎಂ ಎಫ್/5.6 ಎಲ್ ನನ್ನದು. ಲೆನ್ಸ್ ಮೇಲೆ ಪ್ರೀತಿ, ಮಾರಲಾರೆ. ಅಡಾಪ್ಟರ್ ಹಾಕಿ ಸೋನಿ ಬಾಡಿಗೆ ಜೋಡಿಸಿದರೆ ನಡೆಯುತ್ತದಂತೆ. ಭದ್ರಾ ಹಿನ್ನೀರಿನ ರೀವ (ಟರ್ನ್) ಹಕ್ಕಿಗಳನ್ನು ತೆಗೆಯುವುದು ನನ್ನ ಮುಖ್ಯ ಉದ್ದೇಶ.
— ಶಿಕ್ಷಕಿ, ಶಿವಮೊಗ್ಗ

ಉತ್ತರ: ಜೋಡಿಸಬಹುದು. ಕೂತಿರುವ ಮಿಂಚುಳ್ಳಿಗೆ ನಡೆಯುತ್ತದೆ, ನೀರಿಗೆ ಎರಗುವ ರೀವಕ್ಕೆ ನಡೆಯುವುದಿಲ್ಲ.

ಲೆನ್ಸ್ ಕೂರುವ ಬಾಯಿಯಾದ ಮೌಂಟಿನಿಂದ ಸೆನ್ಸರ್‌ವರೆಗಿನ ದೂರ ಕ್ಯಾನನ್ ಇಎಫ್‌ನಲ್ಲಿ 44 ಎಂಎಂ, ಸೋನಿ ಇ ಮೌಂಟಿನಲ್ಲಿ 18 ಎಂಎಂ. ಉಳಿದ 26 ಎಂಎಂ ಜಾಗವನ್ನು ಅಡಾಪ್ಟರ್ ತುಂಬುತ್ತದೆ. ಒಳಗೆ ಗಾಜಿಲ್ಲ, ಆದ್ದರಿಂದ ಚಿತ್ರದ ಗುಣಮಟ್ಟಕ್ಕೆ ಧಕ್ಕೆಯಿಲ್ಲ. ಕಷ್ಟ ಇರುವುದು ಮಾತಿನಲ್ಲಿ. ಸೋನಿ ಬಾಡಿ ತನ್ನ ಭಾಷೆಯಲ್ಲಿ ಕೊಟ್ಟ ಆಜ್ಞೆಯನ್ನು ಅಡಾಪ್ಟರ್‌ನ ಚಿಪ್ ಕ್ಯಾನನ್ ಲೆನ್ಸ್‌ಗೆ ತರ್ಜುಮೆ ಮಾಡಬೇಕು. ನಿಂತ ವಸ್ತುವಿಗೆ ಈ ತರ್ಜುಮೆ ಸಾಕಾಗುತ್ತದೆ. ಸೆಕೆಂಡಿಗೆ ಹತ್ತಾರು ಸಲ ದೂರ ಬದಲಿಸುತ್ತ ಬರುವ ಹಕ್ಕಿಗೆ ಸಾಲದು. ಫೋಕಸ್ ಹಿಂದೆ ಬೀಳುತ್ತದೆ, ಕೆಲವೊಮ್ಮೆ ಹಿನ್ನೆಲೆಯ ನೀರಿಗೆ ಅಂಟಿಕೊಂಡು ಬಿಡುತ್ತದೆ. ಸಿಗ್ಮಾದ ಎಂಸಿ-11 ಅಡಾಪ್ಟರನ್ನು ಆ ಕಂಪನಿ ತಯಾರಿಸಿದ್ದೇ ತನ್ನ ಸ್ವಂತ ಲೆನ್ಸ್‌ಗಳಿಗಾಗಿ. ಕ್ಯಾನನ್ ಲೆನ್ಸ್‌ಗೆ ಅದರ ಭರವಸೆ ಇಲ್ಲ.

ಅದೇ ಲೆನ್ಸ್ ಕ್ಯಾನನ್‌ನ ಆರ್ ಸರಣಿಯ ಬಾಡಿಗೆ ಇಎಫ್-ಇಒಎಸ್ ಆರ್ ಅಡಾಪ್ಟರ್ ಮೂಲಕ ಕೂತರೆ ತರ್ಜುಮೆಯ ಪ್ರಶ್ನೆಯೇ ಬರುವುದಿಲ್ಲ. ಬಾಡಿಗೂ ಲೆನ್ಸ್‌ಗೂ ಒಂದೇ ಮನೆಮಾತು. ಅಡಾಪ್ಟರ್ ಎಂದರೆ ತಂತಿ ಇರುವ, ಬರೀ 24 ಎಂಎಂ ಉದ್ದದ ಕೊಳವೆ. ನಿಮಗೆ ಹೊಂದುವ ಬಾಡಿ ಆರ್7: 32.5 ಮೆಗಾಪಿಕ್ಸೆಲ್, ಎಪಿಎಸ್-ಸಿ, ಮೆಕ್ಯಾನಿಕಲ್ ಶಟರ್‌ನಲ್ಲಿ ಸೆಕೆಂಡಿಗೆ 15 ಫ್ರೇಮ್. ನಿಮ್ಮ 400ಕ್ಕೆ ಇಮೇಜ್ ಸ್ಟೆಬಿಲೈಸರ್ ಇಲ್ಲ. ಆರ್7ರ ಬಾಡಿಯೊಳಗೇ ಅದು ಇರುವುದರಿಂದ ಹಳೆಯ ಲೆನ್ಸ್‌ಗೆ ಮೊದಲ ಬಾರಿ ಆಸರೆ ಸಿಗುತ್ತದೆ, ವ್ಯೂಫೈಂಡರ್‌ನಲ್ಲೇ ವ್ಯತ್ಯಾಸ ಕಾಣುತ್ತದೆ.

ಆರ್7ರ ಒಂದು ದೋಷವನ್ನು ಮೊದಲೇ ತಿಳಿದಿರಿ. ಸೆಕೆಂಡಿಗೆ 30 ಫ್ರೇಮ್ ಎಂಬ ಆಕರ್ಷಣೆ ಎಲೆಕ್ಟ್ರಾನಿಕ್ ಶಟರ್‌ನದು. ಆ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ ಮುಗಿಸಲು ಸುಮಾರು 1/30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ರೀವದ ರೆಕ್ಕೆ ಜಾಗ ಬದಲಿಸಿರುತ್ತದೆ. ಚಿತ್ರದಲ್ಲಿ ರೆಕ್ಕೆ ರಬ್ಬರಿನಂತೆ ಬಾಗುತ್ತದೆ, ನೀವು ಕ್ಯಾಮೆರಾ ತಿರುಗಿಸುತ್ತಿದ್ದರೆ ಹಿನ್ನೆಲೆಯ ಒಣಮರಗಳು ಓರೆಯಾಗುತ್ತವೆ. ಶಟರ್ ವೇಗ 1/4000 ಇಟ್ಟರೂ ಇದು ತಪ್ಪುವುದಿಲ್ಲ, ಏಕೆಂದರೆ ಇದು ಓದುವ ವೇಗದ ಸಮಸ್ಯೆ. ಹಾರಾಟಕ್ಕೆ ಮೆಕ್ಯಾನಿಕಲ್ ಶಟರ್, ಕೂತ ಹಕ್ಕಿಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್. ಇವೆರಡನ್ನು ಮೋಡ್ ಡಯಲ್‌ನ ಸಿ1, ಸಿ2ಗಳಲ್ಲಿ ಉಳಿಸಿಟ್ಟುಕೊಳ್ಳಿ. ಇದೇ ಓದುವ ಕೆಲಸವನ್ನು ನಿಕಾನ್ ಜೆಡ್8, ಜೆಡ್9, ಸೋನಿ ಎ1 ಕ್ಯಾಮೆರಾಗಳ ಸ್ಟ್ಯಾಕ್ಡ್ (ಪದರ ಪದರವಾಗಿ ಕಟ್ಟಿದ) ಸೆನ್ಸರ್‌ಗಳು 1/200 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತವೆ. ಆ ಬೆಲೆಯ ದೊಡ್ಡ ಪಾಲು ಹೋಗುವುದು ಇದಕ್ಕೇ.

ಪ್ರಶ್ನೆ: ನಿಕಾನ್ ಜೆಡ್ ಲೆನ್ಸನ್ನು ಸೋನಿಗೆ ಹಾಕುವ ಅಡಾಪ್ಟರ್ ಎಲ್ಲಿ ಸಿಗುತ್ತದೆ?
— ಓದುಗರು, ಹುಬ್ಬಳ್ಳಿ

ಉತ್ತರ: ಹುಡುಕಬೇಡಿ. ಜೆಡ್ ಲೆನ್ಸ್‌ಗೆ ಸೆನ್ಸರ್‌ನಿಂದ 16 ಎಂಎಂ ದೂರ ಬೇಕು, ಸೋನಿಯಲ್ಲಿ ಮೌಂಟೇ 18 ಎಂಎಂ ಮುಂದಿದೆ. ಲೆನ್ಸನ್ನು ಬಾಡಿಯೊಳಕ್ಕೆ 2 ಎಂಎಂ ತಳ್ಳಲು ಸಾಧ್ಯವಿಲ್ಲ. ತಿರುಗಾಮುರುಗಾ ಆದರೆ ಆಗುತ್ತದೆ. ಸೋನಿ ಇ ಲೆನ್ಸನ್ನು ನಿಕಾನ್ ಜೆಡ್‌ಗೆ ಕೂರಿಸುವ ತೆಳುವಾದ ಆಟೊಫೋಕಸ್ ಅಡಾಪ್ಟರ್‌ಗಳನ್ನು ಮೆಗಾಡ್ಯಾಪ್‌ನಂಥ ಕಂಪನಿಗಳು ಮಾಡುತ್ತವೆ. ಆದರೆ 2 ಎಂಎಂ ದಪ್ಪದ ಬಿಲ್ಲೆಯ ಮೇಲೆ ಎರಡು ಕಿಲೋ ಲೆನ್ಸ್ ತೂಗುವುದು ಕ್ಷೇಮವಲ್ಲ. ಹಿಡಿದು ಎತ್ತುವಾಗ ಯಾವತ್ತೂ ಲೆನ್ಸ್‌ನ ಟ್ರೈಪಾಡ್ ಕಾಲನ್ನೇ ಹಿಡಿಯಿರಿ.

ಇನ್ನೊಂದು ಎಚ್ಚರಿಕೆ ಹಳೆಯ ನಿಕಾನ್ ಬಳಗದವರಿಗೆ. ಎಎಫ್-ಡಿ ಲೆನ್ಸ್‌ಗಳನ್ನು ಬಾಡಿಯೊಳಗಿನ ಮೋಟಾರ್ ತಿರುಗಿಸುತ್ತಿತ್ತು. ಎಫ್‌ಟಿಜೆಡ್‌ನಲ್ಲಿ ಆ ಮೋಟಾರ್ ಇಲ್ಲ, ಅವು ಕೈಫೋಕಸ್ ಲೆನ್ಸ್‌ಗಳಾಗಿ ಉಳಿಯುತ್ತವೆ. ಎಎಫ್-ಎಸ್, ಎಎಫ್-ಪಿ ಎಂದು ಬರೆದಿರುವುವಕ್ಕೆ ತೊಂದರೆಯಿಲ್ಲ.

ಪ್ರಶ್ನೆ: ವಯಸ್ಸು ಅರವತ್ತೆರಡು. 600 ಎಫ್/4 ಎತ್ತಿಕೊಂಡು ಭುಜ ನೋವು ಶುರುವಾಗಿದೆ. ತೂಕಕ್ಕಾಗಿ ಕಂಪನಿ ಬದಲಿಸಲು ಸಿದ್ಧ. ದಾಂಡೇಲಿಯ ಮಂಗಟ್ಟೆ, ಪಶ್ಚಿಮ ಘಟ್ಟದ ಮಳೆಗಾಲ, ಎರಡೂ ಬೇಕು.
— ನಿವೃತ್ತ ಬ್ಯಾಂಕ್ ನೌಕರರು, ಉಡುಪಿ

ಉತ್ತರ: ಕಂಪನಿ ಬದಲಿಸಲು ಇದು ನಿಜವಾದ ಕಾರಣ. ಹೊಸ ಲೆನ್ಸ್ ಹಗುರವಾಗಿದ್ದರೆ ಇನ್ನೂ ಹತ್ತು ವರ್ಷ ಕಾಡಿಗೆ ಹೋಗುತ್ತೀರಿ, ಆ ಲಾಭದ ಮುಂದೆ ಮಾರಾಟದ ನಷ್ಟ ದೊಡ್ಡದಲ್ಲ.

ನಿಕಾನ್‌ನ ಜೆಡ್ 600 ಎಂಎಂ ಎಫ್/6.3 ಪಿಎಫ್ ಟ್ರೈಪಾಡ್ ಕಾಲು ಸೇರಿ 1470 ಗ್ರಾಂ. 800 ಎಂಎಂ ಎಫ್/6.3 ಪಿಎಫ್ 2385 ಗ್ರಾಂ. ಪಿಎಫ್ ಎಂದರೆ ಹಲವು ಗಾಜುಗಳು ಮಾಡುವ ಕೆಲಸವನ್ನು ಮಾಡುವ, ಸೂಕ್ಷ್ಮ ಉಂಗುರಗಳಿರುವ ಒಂದು ತೆಳು ಗಾಜು. ಅದರಿಂದ ಉದ್ದವೂ ತೂಕವೂ ಇಳಿಯುತ್ತವೆ. ಸೂರ್ಯನಂಥ ತೀಕ್ಷ್ಣ ಬೆಳಕು ಚೌಕಟ್ಟಿನೊಳಗೋ ಅಂಚಿಗೋ ಬಂದರೆ ಉಂಗುರದ ಆಕಾರದ ಪ್ರಭೆ ಕಾಣಿಸಬಹುದು. ಹಿಂಬೆಳಕಿನ ಚಿತ್ರ ನಿಮಗೆ ಇಷ್ಟವಾದರೆ ಕೊಳ್ಳುವ ಮುಂಚೆ ಇದನ್ನು ಪರೀಕ್ಷಿಸಿ. ಕ್ಯಾನನ್‌ನ ಆರ್‌ಎಫ್ 100-500 ಕಾಲು ಸೇರಿ 1530 ಗ್ರಾಂ, ಚೀಲದಲ್ಲಿ ತೀರಾ ಚಿಕ್ಕದಾಗುತ್ತದೆ. 500ರಲ್ಲಿ ಎಫ್/7.1 ಎಂಬುದು ಅದರ ಮಿತಿ. ಎಂಎಂ ಹೆಚ್ಚಿಸಲು ನಡುವೆ ಜೋಡಿಸುವ ಟೆಲಿಕನ್ವರ್ಟರ್ ಹಾಕಿದರೆ ಲೆನ್ಸ್ 300 ಎಂಎಂಗಿಂತ ಹಿಂದಕ್ಕೆ ಸರಿಯುವುದಿಲ್ಲ, ಚೀಲಕ್ಕೆ ಹಾಕುವಾಗ ಪ್ರತಿ ಸಲ ಬಿಚ್ಚಬೇಕು. ಸೋನಿ 200-600 ಒಳ್ಳೆಯ ಲೆನ್ಸ್, ಆದರೆ 2115 ಗ್ರಾಂ. ಭುಜದ ಕಾರಣಕ್ಕೆ ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯ ದಾರಿ ಒಎಂ ಸಿಸ್ಟಂ. ಒಎಂ-1 ಬಾಡಿ ಬ್ಯಾಟರಿ ಸೇರಿ 600 ಗ್ರಾಂ ಒಳಗೆ, 300 ಎಂಎಂ ಎಫ್/4 ಲೆನ್ಸ್ ಕಾಲು ಸೇರಿ 1475 ಗ್ರಾಂ. ಸೆನ್ಸರ್ ಚಿಕ್ಕದಾದ್ದರಿಂದ ಅದು ಫುಲ್ ಫ್ರೇಮ್‌ನ 600ರಷ್ಟು ಹತ್ತಿರ ತೋರಿಸುತ್ತದೆ. ಚಿಕ್ಕ ಸೆನ್ಸರ್‌ನಲ್ಲಿ ಕಾಳುಕಾಳು ಹೆಚ್ಚು ಎನ್ನುವವರು ಪೂರ್ತಿ ಲೆಕ್ಕ ಹೇಳುವುದಿಲ್ಲ. ಒಂದೇ ಅಪರ್ಚರ್‌ನಲ್ಲಿ ವ್ಯತ್ಯಾಸ ಸುಮಾರು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ನಿಜ. ಆದರೆ ಇಲ್ಲಿ ಲೆನ್ಸ್ ಎಫ್/4, ನಿಕಾನ್‌ನ 600 ಪಿಎಫ್ ಎಫ್/6.3. ಅದರಿಂದ ಒಂದೂಕಾಲು ಸ್ಟಾಪ್‌ಗೂ ಮಿಕ್ಕಿ ಬೆಳಕು ವಾಪಸ್ ಬರುತ್ತದೆ, ಉಳಿಯುವ ವ್ಯತ್ಯಾಸ ಮುಕ್ಕಾಲು ಸ್ಟಾಪ್‌ಗೂ ಕಡಿಮೆ. ಘಟ್ಟದ ಮಳೆಗೆ ಆ ಬಾಡಿ, ಲೆನ್ಸ್‌ಗಳ ನೀರು ತಡೆಯುವ ಕಟ್ಟುನಿಟ್ಟು ಬಹಳ ಒಳ್ಳೆಯದು.

ಜೆಡ್8 ಬಾಡಿ ಬ್ಯಾಟರಿ ಸೇರಿ ಸುಮಾರು 910 ಗ್ರಾಂ. ಅದಕ್ಕೆ 600 ಪಿಎಫ್ ಸೇರಿದರೆ 2.4 ಕಿಲೋ ಒಳಗೆ. ಒಎಂ-1 ಜೋಡಿ 2.1 ಕಿಲೋ ಒಳಗೆ. ನಿಮ್ಮ ಮೊದಲ ಆಯ್ಕೆ ಇವೆರಡರಲ್ಲೊಂದು. ದಟ್ಟ ಕಾಡಿನ ಮಬ್ಬು ಬೆಳಕೇ ಹೆಚ್ಚಾದರೆ ಮೊದಲನೆಯದು, ನಡೆದಾಟವೇ ಹೆಚ್ಚಾದರೆ ಎರಡನೆಯದು. ಎರಡನ್ನೂ ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆದು, ಕನಿಷ್ಠ ಎರಡು ಮುಂಜಾನೆ ಕೈಯಲ್ಲೇ ಹಿಡಿದು ನೋಡಿ. ಅಂಗಡಿಯಲ್ಲಿ ಐದು ನಿಮಿಷ ಎತ್ತಿ ನೋಡಿದರೆ ಭುಜಕ್ಕೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಕ್ಯಾನನ್ ಆರ್‌ಎಫ್ 800 ಎಂಎಂ ಎಫ್/11 ಅಗ್ಗವಾಗಿದೆ. ಅದೊಂದಕ್ಕಾಗಿ ಕ್ಯಾನನ್‌ಗೆ ಬರಬಹುದೇ? ದರೋಜಿ ಕರಡಿ, ಕಬಿನಿಯ ಹುಲಿ.
— ಓದುಗರು, ಹೊಸಪೇಟೆ

ಉತ್ತರ: ದರೋಜಿಗೆ ಸರಿ, ಕಬಿನಿಗೆ ಬೇಡ. ದರೋಜಿಯಲ್ಲಿ ಕರಡಿ ಬಂಡೆಯಿಂದ ಇಳಿಯುವುದು ಮಧ್ಯಾಹ್ನ ಕಳೆದ ಮೇಲೆ, ವೀಕ್ಷಣಾ ಗೋಪುರದಿಂದ ದೂರ, ಬಿಸಿಲು ಇನ್ನೂ ಇರುತ್ತದೆ. ಎಫ್/11 ಅಲ್ಲಿ ಸಾಕು. ಕಬಿನಿಯ ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ಎಫ್/5.6ಕ್ಕೆ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 3200 ಬೇಕಾದ ಕಡೆ ಎಫ್/11ಕ್ಕೆ 12800 ಬೇಕು. ಅಪರ್ಚರ್ ಬದಲಿಸುವಂತಿಲ್ಲ, ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗಕ್ಕೆ ಸೀಮಿತ, 6 ಮೀಟರಿಗಿಂತ ಹತ್ತಿರದ್ದಕ್ಕೆ ಫೋಕಸ್ ಆಗದು. ಹುಲಿ ಜೀಪಿನ ಪಕ್ಕದಲ್ಲೇ ದಾಟಿದರೆ 800 ಎಂಎಂನಲ್ಲಿ ಮೂಗು ಮಾತ್ರ ಸಿಗುತ್ತದೆ. ಎರಡಕ್ಕೂ ಒಂದೇ ಲೆನ್ಸ್ ಬೇಕಿದ್ದರೆ ಜೂಮ್ ಕಡೆಗೆ ನೋಡಿ.

ದರೋಜಿಯ ಬಂಡೆಗಳು ಕಾದಾಗ ಏಳುವ ಬಿಸಿಗಾಳಿ ಎಷ್ಟು ದುಬಾರಿ ಲೆನ್ಸನ್ನಾದರೂ ಮಬ್ಬು ಮಾಡುತ್ತದೆ. ಅಲ್ಲಿ ಚಿತ್ರ ಕೆಟ್ಟಿತೆಂದು ಕಂಪನಿ ಬದಲಿಸಿದವರಿದ್ದಾರೆ; ಸಂಜೆ ನೆಲ ತಣಿದ ಮೇಲೆ ಅದೇ ಲೆನ್ಸ್‌ನಲ್ಲಿ ಇನ್ನೊಮ್ಮೆ ತೆಗೆದು ನೋಡಬೇಕಿತ್ತು.

ಪ್ರಶ್ನೆ: ಬಾಡಿ, ಲೆನ್ಸ್ ಬಿಟ್ಟು ಇನ್ನೇನು ಖರ್ಚು ಬರುತ್ತದೆ?
— ಓದುಗರು, ದಾವಣಗೆರೆ

ಉತ್ತರ: ಜನ ಮರೆಯುವುದು ಕಾರ್ಡ್ ಮತ್ತು ಕಂಪ್ಯೂಟರ್. ನಿಕಾನ್ ಜೆಡ್8, ಕ್ಯಾನನ್ ಆರ್5ಗಳಿಗೆ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಒಂದು, ಎಸ್‌ಡಿ ಒಂದು. ಸೋನಿ ಬಳಸುವುದು ಟೈಪ್ ಎ. ಇದು ಚಿಕ್ಕದು, ಅಷ್ಟೇ ಜಿಬಿಗೆ ಹೆಚ್ಚು ಬೆಲೆ. ಒಂದರ ಕಾರ್ಡ್ ಇನ್ನೊಂದಕ್ಕೆ ಹೋಗುವುದಿಲ್ಲ, ಕಾರ್ಡ್ ರೀಡರ್ ಕೂಡ ಬೇರೆ. ಡಬ್ಬಿಯ ಮೇಲೆ ದಪ್ಪಗೆ ಬರೆದಿರುವುದು ಕ್ಷಣಕಾಲದ ಗರಿಷ್ಠ ವೇಗ. ನಿಮಗೆ ಬೇಕಾದ್ದು ನಿರಂತರ ಬರೆಯುವ ವೇಗ. ಸಿಎಫ್‌ಎಕ್ಸ್‌ಪ್ರೆಸ್‌ನಲ್ಲಿ 'ವಿಪಿಜಿ 400' ಗುರುತು ಇದ್ದರೆ ಸೆಕೆಂಡಿಗೆ 400 ಎಂಬಿ ಖಾತರಿ. ಎಸ್‌ಡಿಯಲ್ಲಿ ವಿ60 ಎಂದರೆ 60 ಎಂಬಿ, ವಿ90 ಎಂದರೆ 90.

45 ಮೆಗಾಪಿಕ್ಸೆಲ್‌ನ ಲಾಸ್‌ಲೆಸ್ ರಾ ಸುಮಾರು 50 ಎಂಬಿ. ಸೆಕೆಂಡಿಗೆ 20 ಫ್ರೇಮ್ ಎಂದರೆ ಬೆರಳು ಒತ್ತಿದ ಪ್ರತಿ ಸೆಕೆಂಡಿಗೆ ಒಂದು ಜಿಬಿ. ಒಂದು ಸಫಾರಿಯಲ್ಲಿ 3000 ಫ್ರೇಮ್ ತೆಗೆದರೆ 150 ಜಿಬಿ. ಎರಡು ದಿನ, ನಾಲ್ಕು ಸಫಾರಿ, ಎರಡು ಪ್ರತಿ ಎಂದು ಗುಣಿಸಿಕೊಂಡು ಹಾರ್ಡ್ ಡಿಸ್ಕ್ ಲೆಕ್ಕ ಹಾಕಿ.

ಒಮ್ಮೆ ಹಣ ಕೊಟ್ಟು ಕೊಂಡ, ಚಿತ್ರ ತಿದ್ದುವ ಅಡೋಬಿಯ ಹಳೆಯ ತಂತ್ರಾಂಶ ಲೈಟ್‌ರೂಮ್ 6 ಹೊಸ ಕ್ಯಾಮೆರಾಗಳ ರಾ ಫೈಲ್ ತೆರೆಯುವುದಿಲ್ಲ. ತಿಂಗಳ ಚಂದಾ ಬೇಡವೆಂದರೆ ಅಡೋಬಿಯದೇ ಉಚಿತ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಫೈಲ್ ಬದಲಿಸಿಕೊಂಡು ತೆರೆಯಬಹುದು. ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೊ, ಕ್ಯಾನನ್‌ನ ಡಿಪಿಪಿ ಕೂಡ ಉಚಿತ. ಬ್ಯಾಟರಿ ಕನಿಷ್ಠ ಮೂರು ಇಡಿ, ಮಿರರ್‌ಲೆಸ್‌ನಲ್ಲಿ ವ್ಯೂಫೈಂಡರೇ ಒಂದು ಪರದೆ, ಸುಮ್ಮನೆ ನೋಡುತ್ತಿದ್ದರೂ ಚಾರ್ಜ್ ಇಳಿಯುತ್ತದೆ.

ಪ್ರಶ್ನೆ: ಹಳೆಯ ಕಿಟ್ ಮಾರಿ ಹೊಸದು ತೆಗೆದುಕೊಳ್ಳುವುದು ಹೇಗೆ? ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಲೆನ್ಸ್‌ಗೆ ಇಲ್ಲಿ ವಾರಂಟಿ ಇಲ್ಲವೆಂದು ಆಮೇಲೆ ತಿಳಿಯಿತು. ಮತ್ತೆ ಹಾಗಾಗಬಾರದು.
— ಓದುಗರು, ಬೆಳಗಾವಿ

ಉತ್ತರ: ಬಿಲ್‌ನಿಂದ ಶುರು ಮಾಡಿ. ಜಿಎಸ್‌ಟಿ ಸಂಖ್ಯೆ ಮತ್ತು ಸೀರಿಯಲ್ ನಂಬರ್ ಎರಡೂ ಇರುವ ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಬೇಕು, ಆಮದುದಾರರ ಚೀಟಿ ಡಬ್ಬಿಯ ಮೇಲಿರಬೇಕು. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡುವ ಮಾಲು ಸಾಮಾನ್ಯವಾಗಿ ಹೊರದೇಶದಿಂದ ನೇರ ಬಂದದ್ದು. ಕೆಟ್ಟಾಗ ಇಲ್ಲಿ ಉಚಿತ ದುರಸ್ತಿ ಸಿಗದು, ಮಾರುವಾಗ ಬೆಲೆಯೂ ಬರದು. ಕೊಂಡ ವಾರದೊಳಗೆ ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ನೋಂದಾಯಿಸಿ. ವಂಚನೆ ಇದ್ದರೆ ಅಲ್ಲೇ ಹೊರಬೀಳುತ್ತದೆ.

ಮಾರುವಾಗ ಬಾಡಿ ಮೊದಲು ಹೋಗಲಿ. ಡಿಎಸ್‌ಎಲ್‌ಆರ್ ಬಾಡಿಗಳ ಬೆಲೆ ತಿಂಗಳು ಕಳೆದಂತೆ ಇಳಿಯುತ್ತದೆ, ಲೆನ್ಸ್ ಅಷ್ಟು ಬೇಗ ಇಳಿಯದು. ಆದರೆ ಹೊಸ ಕಂಪನಿಯ ಕಿಟ್ಟನ್ನು ಬಾಡಿಗೆಗೆ ತಂದು ನೋಡುವವರೆಗೆ ಏನನ್ನೂ ಮಾರಬೇಡಿ. ಶಟರ್ ಎಣಿಕೆಯನ್ನು ಮೊದಲೇ ಹೇಳಿಬಿಡಿ; ಡಿ500, 7ಡಿ ಮಾರ್ಕ್ 2 ಎರಡರ ಶಟರ್‌ಗೂ ಕಂಪನಿ ಹೇಳುವ ಬಾಳಿಕೆ 2 ಲಕ್ಷ.

ಲೆನ್ಸ್‌ನಲ್ಲಿ ಬೂಸ್ಟು ನೋಡುವ ಕ್ರಮ ಹೀಗೆ. ಎರಡೂ ಮುಚ್ಚಳ ತೆಗೆದು, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿ, ಮುಂದಿನಿಂದ ನೋಡಿ. ಧೂಳಿನ ಕಣಗಳಿದ್ದರೆ ಹೆದರಬೇಡಿ, ಅದರಿಂದ ಚಿತ್ರ ಕೆಡುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳಿದ್ದರೆ ಅದು ಬೂಸ್ಟು. ಕರಾವಳಿ, ಮಲೆನಾಡಿನ ಲೆನ್ಸ್ ಕೊಳ್ಳುವವರು ಇದನ್ನು ಮಾಡದೆ ಹಣ ಕೊಡಬಾರದು. ಮುಂದೆ ಬಾರದಂತೆ ಡ್ರೈ ಕ್ಯಾಬಿನೆಟ್‌ನಲ್ಲಿ ತೇವಾಂಶ 40ರಿಂದ 50 ಶೇಕಡಾ ಇರಲಿ. ಹಣ ಬಂದಿತೆಂದು ಕೊಳ್ಳುವವರು ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಬ್ಯಾಂಕ್ ಖಾತೆಯಲ್ಲಿ ನೋಡಿದ ಮೇಲೆ ವಸ್ತು ಕೊಡಿ.

ಪ್ರಶ್ನೆ: ಮುಂದಿನ ತಿಂಗಳು ಕೀನ್ಯಾದ ಮಸಾಯಿ ಮಾರಾಗೆ ಹೊರಟಿದ್ದೇವೆ. ಕ್ಯಾನನ್‌ನಿಂದ ನಿಕಾನ್‌ಗೆ ಈಗಲೇ ಬದಲಾಗಲೇ, ಬಂದ ಮೇಲೆಯೇ?
— ದಂಪತಿ, ಬೆಂಗಳೂರು

ಉತ್ತರ: ಬಂದ ಮೇಲೆ. ನಾಲ್ಕು ವಾರದಲ್ಲಿ ಮೆನು ಕಲಿಯಬಹುದು, ಬೆರಳು ಕಲಿಯುವುದಿಲ್ಲ. ನಿಕಾನ್, ಕ್ಯಾನನ್ ಜೂಮ್ ರಿಂಗ್‌ಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ, ಲೆನ್ಸ್ ಕೂರಿಸುವ ದಿಕ್ಕೂ ವಿರುದ್ಧ. ಚೀತಾ ಓಟ ಶುರು ಮಾಡಿದಾಗ ನಿಮ್ಮ ಕೈ ಹಳೆಯ ದಿಕ್ಕಿಗೇ ತಿರುಗಿ, ಪ್ರಾಣಿ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ.

ಈಗಾಗಲೇ ಕೊಂಡಾಗಿದೆ ಎಂದಾದರೆ ದಿನವೂ ಅರ್ಧ ಗಂಟೆ ಅಭ್ಯಾಸ ಮಾಡಿ. ಬೆಂಗಳೂರಿನ ಕೆರೆಗಳ ಮೇಲೆ ಸುತ್ತುವ ಹದ್ದು ಮೊದಲ ವಾರಕ್ಕೆ, ಬೆಳ್ಳಕ್ಕಿ ಎರಡನೇ ವಾರಕ್ಕೆ, ಕವಲುತೋಕೆ ಕೊನೆಗೆ. ಮೆನುವಿನಲ್ಲಿ ಡಯಲ್ ತಿರುಗುವ ದಿಕ್ಕನ್ನು ನಿಮ್ಮ ಹಳೆಯ ಅಭ್ಯಾಸಕ್ಕೆ ತಿರುವಿಕೊಳ್ಳಬಹುದು. ಕ್ಯಾಮೆರಾ ನಿದ್ದೆಗೆ ಜಾರುವ ಸಮಯವನ್ನು ಒಂದು ನಿಮಿಷಕ್ಕಿಂತ ಹೆಚ್ಚಿಡಿ. ಜೀಪು ನಿಲ್ಲುತ್ತಿದ್ದಂತೆ ಶಟರನ್ನು ಅರ್ಧ ಒತ್ತಿ ಎಬ್ಬಿಸುವುದು ರೂಢಿಯಾಗಲಿ. ಕಣ್ಣಿಗಿಟ್ಟಾಗ ವ್ಯೂಫೈಂಡರ್ ಕಪ್ಪಾಗಿದ್ದರೆ ಆ ಕ್ಷಣ ಹೋಯಿತು. ಲೆನ್ಸ್ ಹಿನ್ನೆಲೆಗೆ ಫೋಕಸ್ ಆಗಿ ಕೂತಿದ್ದರೆ ಮಿರರ್‌ಲೆಸ್ ಮುಂದಿರುವ ಪ್ರಾಣಿಯನ್ನು ಕಾಣದೇ ಹೋಗುವುದುಂಟು. ಆಗ ಫೋಕಸ್ ರಿಂಗನ್ನು ಹತ್ತಿರಕ್ಕೆ ಒಮ್ಮೆ ತಿರುಗಿಸಿ ಮತ್ತೆ ಒತ್ತಬೇಕು.

ಮಾರಾದ ಧೂಳಿನಲ್ಲಿ ಲೆನ್ಸ್ ಬದಲಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿದಾಗ ಸೆನ್ಸರ್ ಮುಚ್ಚುವ ಆಯ್ಕೆ ಆನ್ ಮಾಡಿ. ಜೆಡ್8ರಲ್ಲಿ ಇದಕ್ಕೆ ಸೆನ್ಸರ್ ಶೀಲ್ಡ್ ಎನ್ನುತ್ತಾರೆ, ಸೆಟಪ್ ಮೆನುವಿನಲ್ಲಿದೆ. ನೈರೋಬಿಯಿಂದ ಮಾರಾಗೆ ಹೋಗುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಚೀಲವೂ ಸೇರಿ ತಲಾ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನಲ್ಲಿ ಬಿಲ್ ಮತ್ತು ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಹೊರದೇಶದಲ್ಲಿ ಕೊಂಡದ್ದೆಂದು ಸುಂಕ ಕೇಳಿದರೆ ಅದೇ ಪುರಾವೆ. ಇದಕ್ಕಾಗಿ ಒಂದು ಗಂಟೆ ಮುಂಚಿತವಾಗಿಯೇ ಹೋಗಿ, ಚೆಕ್ ಇನ್ ಆಗುವ ಮೊದಲೇ ಆ ಮೇಜು ಎಲ್ಲಿದೆ ಎಂದು ಕೇಳಿಕೊಳ್ಳಿ.